ಟ್ರಂಪೆಟ್ ಸೋಲೋಕ್ಕೆ ‘ವ್ಹಾ’ ಎಲ್ಲಿ ಬೀಳಬೇಕು?

ಬೆಳಗಾವಿಯ ಸಂಗೀತ ಬೈಠಕ್ಕಿನಲ್ಲಿ ಕೂತವರಿಗೆ ‘ವ್ಹಾ’ ಯಾವಾಗ ಅನ್ನಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಗಾಯಕರು ತಾನ್ (ವೇಗದ ಸ್ವರಸರಣಿ) ಬಿಟ್ಟು, ಮುಖಡಾ (ಹಾಡಿನ ಮೊದಲ ತುಣುಕು) ಹಿಡಿದು, ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಇಳಿದ ಕೂಡಲೇ ಮುಂದಿನ ಸಾಲಿನ ಹಿರಿಯರ ಕೈ ತಾನಾಗಿಯೇ ಮೇಲೇಳುತ್ತದೆ. ಅದೇ ಹಿರಿಯರಿಗೆ ಒಂದು ಜಾಝ್ ಟ್ರಂಪೆಟ್ ಸೋಲೋ ಕೇಳಿಸಿ ನೋಡಿ. ಒಂದೆರಡು ನಿಮಿಷ ಕಣ್ಣು ಮುಚ್ಚಿ ಕೇಳಿ, “ಛಲೋ ಊದ್ಯಾನ್ರಿ, ಆದ್ರ ಎಲ್ಲಿ ಹೊಂಟಾನ ತಿಳೀವಲ್ದು” ಅನ್ನುತ್ತಾರೆ. ಆ ಮಾತು ಪೂರ್ತಿ ಪ್ರಾಮಾಣಿಕವಾದದ್ದು. ಉಪಜ್ (ಆ ಕ್ಷಣಕ್ಕೆ ಹುಟ್ಟಿಸಿ ನುಡಿಸಿದ್ದು) ಇದೆ ಅನ್ನುವುದು ಕಿವಿಗೆ ಸಿಕ್ಕಿದೆ, ಸಮ್ ಸಿಕ್ಕಿಲ್ಲ. ಸಮ್ ಸಿಗದೆ ಮೆಚ್ಚುವುದು ಹೇಗೆ?

ಜಾಝ್ ಕೇಳುಗರು ಒಳ್ಳೆಯ ಟ್ರಂಪೆಟ್ ವಾದಕನನ್ನು ಮೆಚ್ಚುವುದು ಅವನು ‘ಮನಸ್ಸಿಗೆ ಬಂದದ್ದು ನುಡಿಸಿದ’ ಎಂಬ ಕಾರಣಕ್ಕಲ್ಲ. ಅವನ ಹಿಂದೆ ಒಂದು ಲೆಕ್ಕ ಸುತ್ತುತ್ತಲೇ ಇರುತ್ತದೆ, ಅವನು ಆ ಲೆಕ್ಕದ ಒಳಗೇ ನಿಂತು ಹೊಸದು ಹುಟ್ಟಿಸುತ್ತಾನೆ. ಹಿಂದುಸ್ತಾನಿ ಖಯಾಲ್ ಗಾಯನ ಕೇಳಿ ಬೆಳೆದ ನಮ್ಮ ಭಾಗದ ಕಿವಿಗೆ ಈ ವಿದ್ಯೆಯ ಬಹುಪಾಲು ಆಗಲೇ ಬಂದಿದೆ. ಎಣಿಕೆಯನ್ನು ನಮ್ಮ ತಾಳಕ್ಕೆ ಹೊಂದಿಸಿಕೊಂಡು, ಒಂದೆರಡು ಹಳೇ ರೂಢಿಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟರೆ ಬೇಕಾದಷ್ಟಾಯಿತು.

ಮೊದಲು ಎಣಿಕೆ. ಜಾಝ್‌ನ ಬಹುತೇಕ ಹಳೇ ರಚನೆಗಳಲ್ಲಿ ಒಂದು ಬಾರ್‌ಗೆ ನಾಲ್ಕು ಮಾತ್ರೆ. ನಾಲ್ಕು ಬಾರ್ ಸೇರಿದರೆ ಹದಿನಾರು, ಅಂದರೆ ತೀನ್‌ತಾಲದ ಒಂದು ಆವರ್ತನ. ಇದೊಂದು ಗೊತ್ತಾದರೆ ಅರ್ಧ ಬಾಗಿಲು ತೆರೆದಂತೆ. ಹನ್ನೆರಡು ಬಾರ್‌ನ ಬ್ಲೂಸ್ ಅಂದರೆ ಮೂರು ತೀನ್‌ತಾಲ. ಮೂವತ್ತೆರಡು ಬಾರ್‌ನ ಹಾಡು ಅಂದರೆ ಎಂಟು ತೀನ್‌ತಾಲ. ಈ ಇಡೀ ಸುತ್ತಿಗೆ ಅವರು ಕೋರಸ್ ಅನ್ನುತ್ತಾರೆ. ನಾನು ಇಲ್ಲಿ ‘ಸುತ್ತು’ ಅಂತಲೇ ಬರೆಯುತ್ತೇನೆ. ಸೋಲೋ ನುಡಿಸುವವನು ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು ನುಡಿಸಬಹುದು. ಆದರೆ ಸಾಮಾನ್ಯವಾಗಿ ಸುತ್ತು ಮುಗಿಯುವಲ್ಲಿಯೇ ಮುಗಿಸುತ್ತಾನೆ.

ಸುತ್ತು ಎಲ್ಲಿದೆ ಎಂದು ಯಾರು ಹೇಳುತ್ತಾರೆ? ತಬಲಾ ಸೋಲೋದಲ್ಲಿ ಹಾರ್ಮೋನಿಯಂ ಲೆಹ್ರಾ (ಮತ್ತೆ ಮತ್ತೆ ಸುತ್ತುವ ಒಂದೇ ಧಾಟಿ) ಹಿಡಿದಿರುತ್ತದಲ್ಲ, ಆ ಕೆಲಸವನ್ನು ಇಲ್ಲಿ ಪಿಯಾನೋ ಮತ್ತು ಬಾಸ್ ಎಂಬ ದೊಡ್ಡ ತಂತಿವಾದ್ಯ ಮಾಡುತ್ತವೆ. ಬಾಸ್‌ನವನು ಮಾತ್ರೆಗೆ ಒಂದರಂತೆ ಸ್ವರ ಇಡುತ್ತಾ ನಡೆಯುತ್ತಾನೆ, ಪಿಯಾನೋದವನು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛಗಳನ್ನು) ಅದೇ ಕ್ರಮದಲ್ಲಿ ಮತ್ತೆ ಮತ್ತೆ ತರುತ್ತಾನೆ. ಟ್ರಂಪೆಟ್ ಕೇಳುವಾಗ ಟ್ರಂಪೆಟ್ ಒಂದನ್ನೇ ಕೇಳುವುದು ಹೊಸಬರು ಮಾಡುವ ದೊಡ್ಡ ತಪ್ಪು. ಲೆಹ್ರಾ ಬಿಟ್ಟು ತಬಲಾ ಕೇಳಿದರೆ ಕಾಯದಾ ಎಲ್ಲಿ ತಿರುಗಿತು, ಚಕ್ರದಾರ್ ಎಲ್ಲಿ ಬಿತ್ತು ತಿಳಿಯುತ್ತದೆಯೇ? ಹಾಗೇ ಇದೂ. ಮೊದಲ ಸಲ ಬಾಸ್ ಮಾತ್ರ ಕೇಳಿ. ಎರಡನೇ ಸಲ ಬಾಸ್ ಹಿಡಿದುಕೊಂಡೇ ಟ್ರಂಪೆಟ್ ಕೇಳಿ.

ಇಲ್ಲೊಂದು ಸಣ್ಣ ಅಡ್ಡಿ ಇದೆ. ಮೊಬೈಲಿನ ಸ್ಪೀಕರ್‌ನಲ್ಲಿ ಬಾಸ್ ಕೇಳಿಸುವುದೇ ಇಲ್ಲ. ಅದರ ತೀರಾ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಅಷ್ಟು ಸಣ್ಣ ಸ್ಪೀಕರ್‌ಗೆ ಅದನ್ನು ಹೊರಡಿಸುವ ಶಕ್ತಿ ಇಲ್ಲ. ಇಯರ್‌ಫೋನ್ ಇಲ್ಲವೇ ಸ್ವಲ್ಪ ದೊಡ್ಡ ಸ್ಪೀಕರ್ ಬೇಕು. ಎರಡೂ ಇಲ್ಲದಿದ್ದರೆ ಡ್ರಮ್‌ನವನ ಸಿಂಬಲ್ ಹಿಡಿಯಿರಿ. ‘ಟಿಂಗ್, ಟಿಂಗ್‌ಟ-ಟಿಂಗ್’ ಅಂತ ಅದು ಲಯ ಕಾಯುತ್ತಿರುತ್ತದೆ.

ಕೈಯಲ್ಲಿ ತಾಳ ಹಾಕುವವರಿಗೆ ಇನ್ನೊಂದು ಮಾತು. ತೀನ್‌ತಾಲದಲ್ಲಿ ನಾವು ಒಂದು, ಐದು, ಹದಿಮೂರಕ್ಕೆ ತಟ್ಟಿ ಒಂಬತ್ತಕ್ಕೆ ಖಾಲಿ ತೋರಿಸುತ್ತೇವೆ. ಜಾಝ್‌ನಲ್ಲಿ ಒತ್ತು ಎರಡು ಮತ್ತು ನಾಲ್ಕನೇ ಮಾತ್ರೆಯ ಮೇಲೆ. ಡ್ರಮ್‌ನವನು ಎಡಗಾಲಿನಿಂದ ಹೈಹ್ಯಾಟ್ ಎಂಬ ಜೋಡಿ ಸಿಂಬಲ್ ಮುಚ್ಚುವ ‘ಚಿಕ್’ ಸದ್ದು ಅಲ್ಲೇ ಬೀಳುತ್ತದೆ. ಒಂದು ಮತ್ತು ಮೂರಕ್ಕೆ ಚಪ್ಪಾಳೆ ತಟ್ಟಿದರೆ ಇಡೀ ಲಯ ಬ್ಯಾಂಡಿನ ಕವಾಯತಿನಂತೆ ಕೇಳಿಸತೊಡಗುತ್ತದೆ, ತೂಗಾಟ ಸತ್ತುಹೋಗುತ್ತದೆ. ಆದ್ದರಿಂದ ಮನಸ್ಸಿನಲ್ಲಿ ಹದಿನಾರು ಎಣಿಸಿ, ಬೆರಳನ್ನು ಮಾತ್ರ ಸಮಸಂಖ್ಯೆಯ ಮಾತ್ರೆಗಳ ಮೇಲೆ ಇಡಿ. ಮೊದಲೆರಡು ದಿನ ಕೈ ತಪ್ಪುತ್ತದೆ, ಆಮೇಲೆ ಹಿಡಿತ ಬರುತ್ತದೆ.

ಈಗ ಬ್ಲೂಸ್‌ನ ಮೂರು ಆವರ್ತನ. ಮೊದಲನೆಯದು ಸಾ ಮೇಲೆ ಕಟ್ಟಿದ ಕಾರ್ಡ್. ಎರಡನೆಯದರ ಮೊದಲರ್ಧ ಮ ಮೇಲೆ, ಉಳಿದರ್ಧ ಮತ್ತೆ ಸಾ. ಮೂರನೆಯದರಲ್ಲಿ ಪ ಬರುತ್ತದೆ, ಮುಂದಿನ ಬಾರ್‌ನಲ್ಲಿ ಬಹಳ ಸಲ ಮ, ಆಮೇಲೆ ಸಾಗೆ ಮರಳುತ್ತದೆ. ಮೂರನೇ ಆವರ್ತನದ ಆ ಪ ಕಿವಿಗೆ ಬಿದ್ದ ಕೂಡಲೇ ‘ಇನ್ನು ಮನೆ ಹತ್ತಿರ ಬಂತು’ ಅನ್ನಿಸಬೇಕು. ಅನ್ನಿಸಿದರೆ ನೀವು ಸುತ್ತು ಹಿಡಿದಿರಿ ಎಂದೇ ಅರ್ಥ. ಇದರ ಮೇಲೆ ವಾದಕನು ಕೋಮಲ ಗ ನುಡಿಸುತ್ತಾನೆ, ಕೆಳಗೆ ಪಿಯಾನೋದಲ್ಲಿ ಶುದ್ಧ ಗ ಇರುತ್ತದೆ. ಜೋಗ್ ರಾಗದಲ್ಲಿ ಎರಡೂ ಗಾಂಧಾರಗಳ ರುಚಿ ಕಂಡವರಿಗೆ ಈ ಘರ್ಷಣೆ ಹೊಸದಲ್ಲ. ಜೋಗ್‌ನಲ್ಲಿ ಅವು ಒಂದರ ನಂತರ ಒಂದು ಬರುತ್ತವೆ, ಇಲ್ಲಿ ಒಂದೇ ಹೊತ್ತಿಗೆ ಮೇಲೊಂದು ಕೆಳಗೊಂದು ನಿಲ್ಲುತ್ತವೆ.

ಕೇಳಲು ಶುರು ಮಾಡುವುದಾದರೆ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1928ರ ಜೂನ್ 28ರಂದು ಶಿಕಾಗೋದಲ್ಲಿ ಧ್ವನಿಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ನಿಂದಲೇ ಮಾಡಿ. ಮೂರು ನಿಮಿಷ ಚಿಲ್ಲರೆಯ ಗ್ರಾಮೊಫೋನ್ ತಟ್ಟೆ. ಸಾ ‘ಕರಿ ಎರಡು’, ಅಂದರೆ ಹಾರ್ಮೋನಿಯಂನ ಎರಡನೇ ಕರಿ ಮನೆ. ಮೊದಲಿಗೆ ಟ್ರಂಪೆಟ್ ಒಂದೇ, ಜೊತೆಗೆ ಯಾರೂ ಇಲ್ಲ, ತಾಳವೂ ಇಲ್ಲ. ಹತ್ತು ಹನ್ನೆರಡು ಸೆಕೆಂಡಿನೊಳಗೆ ಅದು ಮೇಲೆ ಹತ್ತಿ, ಅಲ್ಲಿಂದ ಉರುಳುತ್ತಾ ಇಳಿದು, ಬಾಕಿಯವರು ಹಿಡಿದ ಕಾರ್ಡ್ ಮೇಲೆ ಬಂದು ಕೂರುತ್ತದೆ. ಇದು ಅವರ ಆಲಾಪ ಅನ್ನುವವರುಂಟು. ನನಗೆ ಅದಕ್ಕಿಂತ ಒಂದು ತಾನ್‌ನಿಂದಲೇ ಬೈಠಕ್ ತೆರೆದಂತೆ ಕೇಳುತ್ತದೆ. ಅಲ್ಲಿಂದ ಬ್ಲೂಸ್‌ನ ಐದು ಸುತ್ತು. ಮೊದಲನೆಯದು ಟ್ರಂಪೆಟ್ ಮುಂದಾಳತ್ವದಲ್ಲಿ ಮೂಲ ಧಾಟಿ, ಎರಡನೆಯದು ಟ್ರಾಂಬೋನ್, ಮೂರನೆಯದು ಕ್ಲಾರಿನೆಟ್‌ಗೆ ಆರ್ಮ್‌ಸ್ಟ್ರಾಂಗ್ ಕಂಠದ ಉತ್ತರ, ಮಾತಿಲ್ಲದ ಬರೀ ಅಕ್ಷರಗಳ ಹಾಡು. ನಾಲ್ಕನೆಯದು ಅರ್ಲ್ ಹೈನ್ಸ್ ಅವರ ಪಿಯಾನೋ. ಐದನೇ ಸುತ್ತಿನ ಬಾಗಿಲಲ್ಲಿ ಟ್ರಂಪೆಟ್ ಒಂದು ಸ್ವರ ಹಿಡಿಯುತ್ತದೆ. ಹಿಡಿದೇ ಇರುತ್ತದೆ.

ಆ ಸ್ವರ ತಾರದ ಪಂಚಮ. ಹೆಚ್ಚುಕಡಿಮೆ ನಾಲ್ಕು ಬಾರ್, ಅಂದರೆ ಸುಮಾರು ಒಂದು ಪೂರ್ತಿ ತೀನ್‌ತಾಲ ಅದೊಂದೇ ಸ್ವರ. ಹೊಸಬರು ಇಲ್ಲೇ ‘ವ್ಹಾ, ಏನು ದಮ್ಮು!’ ಅನ್ನುತ್ತಾರೆ. ದಮ್ಮು ಇದೆ ನಿಜ. ಆದರೆ ಸ್ವಲ್ಪ ತಡೆಯಿರಿ. ಸ್ವರ ನಿಂತೇ ಇರುವಾಗ ಕೆಳಗೆ ಲಯ ನಡೆದೇ ಇದೆ, ಒಂದು ಆವರ್ತನ ಮುಗಿಯುತ್ತಾ ಬಂದಿದೆ, ಎರಡನೇ ಆವರ್ತನದ ಮ ಬರಬೇಕಿದೆ, ಈ ಮನುಷ್ಯ ಇನ್ನೂ ಬಿಡುತ್ತಿಲ್ಲ. ಆಮೇಲೆ ಬಿಡುತ್ತಾನೆ ನೋಡಿ, ಇಳಿಯುವ ಒಂದು ತುಣುಕನ್ನು ಮೇಲಿನಿಂದ ಮತ್ತೆ ಮತ್ತೆ ಸುರಿಯುತ್ತಾನೆ. ಅಷ್ಟು ಹೊತ್ತು ಕಟ್ಟಿನಿಲ್ಲಿಸಿದ್ದು ಒಮ್ಮೆಗೇ ಹರಿಯುತ್ತದೆ. ದಾದ್ (ಮೆಚ್ಚುಗೆಯ ಉದ್ಗಾರ) ಬೀಳಬೇಕಾದ್ದು ಆ ಬಿಡುಗಡೆಗೆ. ಉದ್ದ ಸ್ವರ ಅದಕ್ಕೆ ಹಾಕಿದ ಅಡಿಪಾಯ.

ದಮ್ಮಿನ ಮಾತು ಬಂದದ್ದರಿಂದ ವಾದ್ಯದ ಒಳಗನ್ನೂ ಒಮ್ಮೆ ನೋಡಬೇಕು. ಯಾವುದು ಕಷ್ಟ ಅಂತ ಗೊತ್ತಿಲ್ಲದೆ ಮೆಚ್ಚಿದರೆ ಮೆಚ್ಚುಗೆ ತಪ್ಪು ಜಾಗಕ್ಕೆ ಬೀಳುತ್ತದೆ.

ಸಾಮಾನ್ಯ ಟ್ರಂಪೆಟ್ ಬಿಚ್ಚಿ ನೇರ ಮಾಡಿದರೆ ಸುಮಾರು 148 ಸೆಂಟಿಮೀಟರ್ ಕೊಳವೆ. ಅದರ ಸ್ವಂತ ಸಾ ‘ಕರಿ ಐದು’. ಒತ್ತಲು ಗುಂಡಿಗಳು ಮೂರೇ. ನಡುವಿನದನ್ನು ಒತ್ತಿದರೆ ಸುಮಾರು 9 ಸೆಂ.ಮೀ. ಕೊಳವೆ ಸೇರಿ ಅರ್ಧಸ್ವರ ಇಳಿಯುತ್ತದೆ. ಮೊದಲನೆಯದಕ್ಕೆ ಸುಮಾರು 18 ಸೆಂ.ಮೀ., ಪೂರ್ಣಸ್ವರ, ಮೂರನೆಯದಕ್ಕೆ ಸುಮಾರು 28, ಒಂದೂವರೆ ಸ್ವರ. ಉಳಿದದ್ದೆಲ್ಲ ತುಟಿಯ ಕೆಲಸ. ಏನೂ ಒತ್ತದೆ ಬರೀ ತುಟಿ ಬಿಗಿ ಮಾಡುತ್ತಾ ಹೋದರೆ ಕೆಳಗಿನಿಂದ ಸಾ, ಪ, ಸಾ, ಗ, ಪ, ಸ್ವಲ್ಪ ಇಳಿದ ಕೋಮಲ ನಿ, ಸಾ, ರಿ, ಗ ಅಂತ ಒಂದೊಂದೇ ಬರುತ್ತವೆ. ಕೆಳಗೆ ಮೆಟ್ಟಿಲುಗಳ ನಡುವೆ ಬೇಕಾದಷ್ಟು ಅಂತರ ಇದೆ, ಮೇಲೆ ಹೋದಂತೆ ಮೆಟ್ಟಿಲು ಒತ್ತೊತ್ತು. ಆರ್ಮ್‌ಸ್ಟ್ರಾಂಗ್ ಹಿಡಿದ ಆ ಪಂಚಮ ಈ ಸಾಲಿನಲ್ಲಿ ಟ್ರಂಪೆಟ್‌ನ ಮೇಲಿನ ಸಾ, ಅದರ ಕಂಪನ ಸೆಕೆಂಡಿಗೆ ಸುಮಾರು 932. ಅಷ್ಟೂ ಸಲ ತುಟಿ ಅದುರಬೇಕು. ಮೇಲೆ ಒಂದೇ ಪೂರ್ಣಸ್ವರ ದೂರದಲ್ಲಿ ಪಕ್ಕದ ಮೆಟ್ಟಿಲು ಇದೆ, ಕೆಳಗೂ ಹೆಚ್ಚುಕಡಿಮೆ ಅಷ್ಟೇ ಹತ್ತಿರ. ತುಟಿ ಕೂದಲೆಳೆಯಷ್ಟು ಸಡಿಲಾದರೆ ಸ್ವರ ಒಡೆದು ಪಕ್ಕಕ್ಕೆ ಜಾರುತ್ತದೆ. ಟ್ರಂಪೆಟ್‌ನವರ ಸ್ವರ ಆಗಾಗ ‘ಕೊಕ್’ ಅಂತ ಒಡೆಯುವುದಕ್ಕೆ ಕಾರಣ ಇದು. ಅದನ್ನು ಅಭ್ಯಾಸ ಸಾಲದು ಎಂದು ಅಳೆಯಬೇಡಿ, ವಾದಕ ಎಲ್ಲಿಗೆ ಕೈ ಹಾಕಿದ್ದ ಅನ್ನುವುದನ್ನೂ ನೋಡಿ.

ತುಟಿ ಮಾಂಸಖಂಡವಾದ್ದರಿಂದ ಬೇಗ ದಣಿಯುತ್ತದೆ. ಸ್ಯಾಕ್ಸೊಫೋನಿನವನು ಅರ್ಧ ತಾಸು ಎಡೆಬಿಡದೆ ನುಡಿಸಬಲ್ಲ, ಟ್ರಂಪೆಟ್‌ನವನಿಗೆ ಅದು ಸಾಧ್ಯವಾಗುವುದು ಅಪರೂಪ. ನಮ್ಮ ಸನಾದಿಯವರಂತೆ ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಮೂಗಿನಲ್ಲಿ ಉಸಿರೆಳೆಯುವ ವಿದ್ಯೆ ಕ್ಲಾರ್ಕ್ ಟೆರಿಯಂಥ ಟ್ರಂಪೆಟ್ ವಾದಕರಿಗೆ ಇತ್ತು, ಎಲ್ಲರೂ ಅದನ್ನು ಮಾಡುವುದಿಲ್ಲ. ಹೆಚ್ಚಿನವರ ವಾಕ್ಯ ಉಸಿರಿನ ಜೊತೆಗೇ ಮುಗಿಯುತ್ತದೆ. ಹಾಗಾಗಿ ಟ್ರಂಪೆಟ್ ಸೋಲೋ ಹಾಡಿಗೆ, ಮಾತಿಗೆ ಹತ್ತಿರ. ಎಲ್ಲಿ ಉಸಿರು ತೆಗೆದುಕೊಂಡ ಅನ್ನುವುದನ್ನೇ ಕೇಳುತ್ತಾ ಹೋಗಿ, ಸೋಲೋದ ವ್ಯಾಕರಣ ಬಿಚ್ಚಿಕೊಳ್ಳುತ್ತದೆ.

ಗುಂಡಿಗಳಿಂದ ಬರುವ ಸ್ವರಗಳು ಎಲ್ಲಾ ಕಡೆ ಶುದ್ಧವೂ ಅಲ್ಲ. ಮೂರನ್ನೂ ಒಟ್ಟಿಗೆ ಒತ್ತಿದಾಗ ಇರಬೇಕಾದ್ದಕ್ಕಿಂತ ಸುಮಾರು 6 ಸೆಂ.ಮೀ. ಕೊಳವೆ ಕಡಿಮೆ ಬೀಳುತ್ತದೆ, ಸ್ವರ ಏರುತ್ತದೆ. ಅದಕ್ಕೇ ವಾದಕನ ಎಡಗೈಯ ಉಂಗುರಬೆರಳು ಮೂರನೇ ಗುಂಡಿಯ ಸ್ಲೈಡ್‌ನ (ಎಳೆದು ತಳ್ಳಬಲ್ಲ ಕೊಳವೆಯ) ಉಂಗುರದಲ್ಲಿ ಇರುತ್ತದೆ. ಕೆಳಗಿನ ಸ್ವರ ಬಂದಾಗ ಅದನ್ನು ಮುಂದಕ್ಕೆ ತಳ್ಳಿ ಸರಿಮಾಡುತ್ತಾನೆ. ವೇದಿಕೆಯ ಹತ್ತಿರ ಕೂತಿದ್ದರೆ ಆ ಬೆರಳು ನೋಡಿ. ಹವೆಯದ್ದೂ ಒಂದು ಕಾಟ. ಒಳಗಿನ ಗಾಳಿ ಬಿಸಿಯಾದಂತೆ ಟ್ರಂಪೆಟ್ ಏರುತ್ತದೆ, ತಣ್ಣಗಿದ್ದಾಗ ಇಳಿಯುತ್ತದೆ. ಬೆಳಗಾವಿಯ ಡಿಸೆಂಬರ್ ಮುಂಜಾನೆಗೂ ವಿಜಯಪುರದ ಮೇ ಮಧ್ಯಾಹ್ನಕ್ಕೂ ಒಂದೇ ಜಾಗದಲ್ಲಿ ಟ್ಯೂನಿಂಗ್ ಸ್ಲೈಡ್ ಇಟ್ಟರೆ ನಡೆಯದು. ಹಾರ್ಮೋನಿಯಂನ ರೀಡ್ ಅದರ ಜೊತೆ ಏರಿ ಬರುವುದಿಲ್ಲವಾದ್ದರಿಂದ ಎರಡೂ ಕೂಡಿದಾಗ ಬೇಸೂರು ಎದ್ದು ಕೇಳುತ್ತದೆ. ಸ್ಲೈಡ್ ಒಂದು ಸೆಂ.ಮೀ. ಎಳೆದರೆ ಅರ್ಧಸ್ವರದ ಸುಮಾರು ಕಾಲುಭಾಗ ಇಳಿಯುತ್ತದೆ.

ಇನ್ನು ನಮ್ಮ ಕಿವಿ ಬಹಳ ಎಡವುವ ಜಾಗ. ನಮ್ಮಲ್ಲಿ ಸಾ ಅಲುಗುವುದಿಲ್ಲ. ತಂಬೂರಿ ಒಮ್ಮೆ ಮಿಡಿಯಲು ಶುರುವಾದರೆ ಬೈಠಕ್ ಮುಗಿಯುವವರೆಗೂ ಅದೇ ಸಾ. ಜಾಝ್‌ನಲ್ಲಿ ಸಾ ಸರಿಯಬಹುದು, ಒಂದೇ ಸುತ್ತಿನ ಒಳಗೇ ಸರಿಯಬಹುದು. ಇದನ್ನು ಕಲಿಯಲು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಸೋ ವಾಟ್’ಗಿಂತ ಒಳ್ಳೆಯ ಪಾಠ ಇಲ್ಲ. 1959ರ ಮಾರ್ಚ್ 2ರಂದು ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಿಸಿದ್ದು. ಮೂವತ್ತೆರಡು ಬಾರ್, ನಮ್ಮ ಲೆಕ್ಕದಲ್ಲಿ ಎಂಟು ತೀನ್‌ತಾಲ. ಮೊದಲ ನಾಲ್ಕು ಆವರ್ತನ ‘ಬಿಳಿ ಎರಡು’ ಸಾ ಮಾಡಿದ ಕಾಫಿ ರಾಗದ ಸ್ವರಸಾಲು: ಕೋಮಲ ಗ, ಕೋಮಲ ನಿ, ಉಳಿದವೆಲ್ಲ ಶುದ್ಧ. ಐದು ಮತ್ತು ಆರನೇ ಆವರ್ತನದಲ್ಲಿ ಅದೇ ಕಾಫಿ ಹಾಗೇ ಎದ್ದು ‘ಕರಿ ಎರಡ’ಕ್ಕೆ ಹೋಗುತ್ತದೆ. ಏಳು ಮತ್ತು ಎಂಟರಲ್ಲಿ ಮತ್ತೆ ಬಿಳಿ ಎರಡಕ್ಕೆ ಇಳಿಯುತ್ತದೆ.

ಹಾರ್ಮೋನಿಯಂ ಇದ್ದವರು ಮುಂದೆ ಇಟ್ಟುಕೊಳ್ಳಿ. ಬಿಳಿ ಎರಡರಿಂದ ಬರೀ ಬಿಳಿ ಮನೆಗಳನ್ನೇ ನುಡಿಸಿ, ಕಾಫಿ ಬಂತು. ಈಗ ಸಾ ಕರಿ ಎರಡಕ್ಕೆ ಎತ್ತಿ ಅದೇ ಕಾಫಿ ಹುಡುಕಿ. ಎರಡೂ ಕಾಫಿಗಳಿಗೆ ಸಮಾನವಾಗಿ ಉಳಿಯುವ ಮನೆಗಳು ಎರಡೇ: ಮೊದಲ ಕಾಫಿಯ ಕೋಮಲ ಗ ಮತ್ತು ಕೋಮಲ ನಿ. ಅವು ಹೊಸ ಸಾಗೆ ರಿ ಮತ್ತು ಧ ಆಗಿಬಿಡುತ್ತವೆ. ಬಾಕಿ ಐದೂ ಸ್ವರ ಬದಲು. ಅಂದರೆ ವಾದಕ ಆ ಹೊಸಿಲು ದಾಟುವಾಗ ಹಳೇ ಸಾ ಮೇಲೆ ಕಾಲಿಟ್ಟರೆ ಎಡವಿದಂತೆಯೇ. ದಾಟಿದ ಕ್ಷಣ ನಮ್ಮ ಕಿವಿಗೆ ‘ಅಯ್ಯೋ, ಬೇಸೂರು ಆತಲ್ರಿ’ ಅನ್ನಿಸುತ್ತದೆ. ಬೇಸೂರು ಅಲ್ಲ, ಮನೆ ಬದಲಾಗಿದೆ. ಎರಡು ಆವರ್ತನ ತಡೆದರೆ ಅವರೇ ಹಳೇ ಮನೆಗೆ ಕರೆತರುತ್ತಾರೆ. ಇದನ್ನು ಕೇಳುವಾಗ ತಂಬೂರಿ ಆ್ಯಪ್ ಹಚ್ಚಬೇಡಿ, ನಡುವಿನ ಎರಡು ಆವರ್ತನ ಕಿವಿ ಕೊರೆಯುತ್ತದೆ. ಹಾರ್ಮೋನಿಯಂಗೆ ಸಾ ಕೂಡಿಬರುತ್ತಿಲ್ಲ ಅನ್ನಿಸಿದರೆ ತಪ್ಪು ನಿಮ್ಮದಾಗಿರಲಿಕ್ಕಿಲ್ಲ. ಆ ದಿನ ಮುದ್ರಿಸಿದ ಯಂತ್ರ ಸ್ವಲ್ಪ ನಿಧಾನ ಓಡಿದ್ದರಿಂದ ಹಳೇ ತಟ್ಟೆಗಳಲ್ಲಿ ಈ ಹಾಡು ಇರಬೇಕಾದ್ದಕ್ಕಿಂತ ಏರಿದೆ. 1990ರ ದಶಕದ ಮರುಮುದ್ರಣಗಳಲ್ಲಿ ಸರಿಮಾಡಿದ್ದಾರೆ.

ಹಾಡಿನ ಧಾಟಿಯನ್ನು ನುಡಿಸುವುದು ಬಾಸ್. ಅದು ಪ್ರಶ್ನೆ ಕೇಳಿದಂತೆ ಒಂದು ಸಾಲು ನುಡಿಸುತ್ತದೆ, ಬಾಕಿಯವರು ಎರಡೇ ಪೆಟ್ಟಿನ ಉತ್ತರ ಕೊಡುತ್ತಾರೆ. ಅದು ಒಂದು ಸುತ್ತು ಮುಗಿದು, ಸುಮಾರು ಒಂದೂವರೆ ನಿಮಿಷದ ಹೊತ್ತಿಗೆ ಡ್ರಮ್‌ನ ಜಿಮ್ಮಿ ಕಾಬ್ ಸಿಂಬಲ್‌ಗೆ ಒಂದು ದೊಡ್ಡ ಪೆಟ್ಟು ಕೊಡುತ್ತಾರೆ. ಆ ಗುಂಯ್‌ಗುಡುವಿಕೆ ಆರುವ ಮೊದಲೇ ಮೈಲ್ಸ್ ಸೋಲೋ ಶುರು. ಅವರು ನುಡಿಸುವುದು ಎರಡೇ ಸುತ್ತು. ಎರಡು ನಿಮಿಷವೂ ಆಗುವುದಿಲ್ಲ. ಎತ್ತರದ ಸ್ವರ ಇಲ್ಲ, ವೇಗದ ತಾನ್ ಇಲ್ಲ. ಒಂದು ಸಣ್ಣ ತುಣುಕು, ಬಿಡುವು. ಇನ್ನೊಂದು ತುಣುಕು, ಇನ್ನೂ ದೊಡ್ಡ ಬಿಡುವು. ಮುದ್ರಣವಾಗಿ ಅರವತ್ತು ವರ್ಷ ದಾಟಿದರೂ ಕೇಳುಗರು ಈ ಎರಡು ಸುತ್ತನ್ನು ಬಾಯಿಪಾಠ ಮಾಡಿ ಗುನುಗುತ್ತಾರೆ. ಕಾರಣ ಆ ಬಿಡುವಿನಲ್ಲಿದೆ. ಬಿಡುವಿನಲ್ಲಿ ಬಾಸ್ ಮುಂದೆ ಬರುತ್ತದೆ, ಪಿಯಾನೋದ ಬಿಲ್ ಇವಾನ್ಸ್ ಒಂದು ಕಾರ್ಡ್ ಇಡುತ್ತಾರೆ, ಕೇಳುವವನು ಮುಂದಿನ ತುಣುಕನ್ನು ತಾನೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾನೆ. ಮೈಲ್ಸ್ ಬೇರೆಯದನ್ನು ನುಡಿಸುತ್ತಾರೆ. ಕೇಳುವವನು ಕಟ್ಟಿಕೊಂಡದ್ದಕ್ಕಿಂತ ಅದು ಚೆನ್ನಾಗಿರುತ್ತದೆ.

ಬೆಳಗಾವಿಯವರಿಗೆ ಇದನ್ನು ವಿವರಿಸಲು ಸುಳೇಭಾವಿಯ ಹೆಸರು ಹೇಳಿದರೆ ಸಾಕು. ಅಲ್ಲಿ 1924ರಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರು ಕ್ಷಯದಿಂದ ಒಂದು ಶ್ವಾಸಕೋಶದ ಬಲ ಕಳೆದುಕೊಂಡು, 1950ರ ದಶಕದಲ್ಲಿ ಮತ್ತೆ ಹಾಡಲು ಬಂದಾಗ ಅವರ ಗಾಯನದಲ್ಲಿ ಚಿಕ್ಕ ಚಿಕ್ಕ ತುಣುಕು, ಥಟ್ಟನೆ ನಿಲ್ಲುವುದು, ನಿಂತಲ್ಲಿಂದ ಅನಿರೀಕ್ಷಿತವಾಗಿ ಎದ್ದು ಹೋಗುವುದು ಹೆಚ್ಚಾಗಿತ್ತು. ಮೈಲ್ಸ್‌ಗೂ ಅವರಿಗೂ ಕೊಡುಕೊಳ್ಳುವಿಕೆ ಏನೂ ಇಲ್ಲ, ಸಂಗೀತಗಳೇ ಬೇರೆ. ಆದರೆ ಕುಮಾರರ ಆ ಮೌನಗಳಿಗೆ ತಲೆದೂಗಿದ ಕಿವಿಗೆ ‘ಸೋ ವಾಟ್’ನ ಮೌನ ಖಾಲಿ ಜಾಗವಾಗಿ ಕೇಳುವುದಿಲ್ಲ. ತುಂಬಿದ ಜಾಗವಾಗಿಯೇ ಕೇಳುತ್ತದೆ.

ಮೈಲ್ಸ್ ಅವರ ಇನ್ನೊಂದು ದನಿ ಮ್ಯೂಟ್‌ನದ್ದು. ಅದೇ ದಿನದ ‘ಬ್ಲೂ ಇನ್ ಗ್ರೀನ್’ನಲ್ಲಿ ಕೇಳಬಹುದು. ಹಾರ್ಮನ್ ಮ್ಯೂಟ್ ಅಂದರೆ ಟೊಳ್ಳಾದ ಲೋಹದ ಡಬ್ಬಿ, ಸುತ್ತಲೂ ಕಾರ್ಕಿನ ಪಟ್ಟಿ. ಟ್ರಂಪೆಟ್‌ನ ಬಾಯಿಗೆ ಒತ್ತಿ ತಿರುವಿದರೆ ಬಿಗಿಯಾಗಿ ಕೂರುತ್ತದೆ, ಗಾಳಿಯೆಲ್ಲ ಆ ಡಬ್ಬಿಯ ಒಳಗಿಂದಲೇ ಹೋಗಬೇಕು. ನಡುವೆ ಒಂದು ಚಿಕ್ಕ ನಳಿಗೆ ಇರುತ್ತದೆ. ಅದನ್ನು ಇಟ್ಟು ಮುಂದೆ ಕೈ ಮುಚ್ಚಿ ತೆಗೆದು ಮಾಡಿದರೆ ‘ವಾ-ವಾ’ ಸದ್ದು. ಅದನ್ನು ಕಿತ್ತು ಮೈಕ್‌ಗೆ ತೀರಾ ಹತ್ತಿರ ನುಡಿಸಿದರೆ ಕಿವಿಯಲ್ಲಿ ಪಿಸುಗುಟ್ಟಿದಂಥ ಆ ತೆಳು ದನಿ. ಮ್ಯೂಟ್ ಹಾಕಿದರೆ ಸ್ವರ ಸಾಮಾನ್ಯವಾಗಿ ಏರುತ್ತದೆ, ಸ್ಲೈಡ್ ಎಳೆಯಬೇಕು. ಮರೆತರೆ ಮೊದಲ ಸಾಲು ಪಿಯಾನೋಗಿಂತ ಮೇಲೇ ತೇಲುತ್ತದೆ. ಕೂಟಿ ವಿಲಿಯಮ್ಸ್‌ರಂಥ ವಾದಕರು ಮ್ಯೂಟ್ ಆಗಿ ಬಳಸಿದ್ದು ನಲ್ಲಿ ಕೆಲಸದವರು ಮೋರಿ ತೆರೆಯುವ ರಬ್ಬರ್ ಬಟ್ಟಲನ್ನೇ. ಜೊತೆಗೆ ಗಂಟಲಿನಲ್ಲಿ ಗುರುಗುಟ್ಟುತ್ತಾ ಊದಿದರೆ ಟ್ರಂಪೆಟ್ ಮಾತಾಡತೊಡಗುತ್ತದೆ.

ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಇದೆಯೇ ಅಂತ ನಮ್ಮವರು ಕೇಳುವುದುಂಟು. ಗುಂಡಿಯ ವಾದ್ಯದಲ್ಲಿ ಮೀಂಡ್ ಸುಲಭ ಅಲ್ಲ. ತುಟಿ ಸಡಿಲಿಸಿ ಸ್ವರವನ್ನು ಸ್ವಲ್ಪ ಬಾಗಿಸಬಹುದು. ಗುಂಡಿಯನ್ನು ಅರ್ಧಕ್ಕೆ ಒತ್ತಿ ಹಿಡಿದರೆ ಕೊಳವೆಯ ದಾರಿ ಅರೆಬರೆ ತೆರೆದು, ಹಿಸುಕಿದಂಥ ದನಿಯಲ್ಲಿ ಸ್ವರ ಜಾರುತ್ತದೆ. ಡ್ಯೂಕ್ ಎಲಿಂಗ್ಟನ್ ವೃಂದದ ರೆಕ್ಸ್ ಸ್ಟೀವರ್ಟ್ ಇದರಲ್ಲಿ ಪಳಗಿದವರು.

ತಾನ್ ಪ್ರಿಯರಿಗೆ ಟ್ರಂಪೆಟ್‌ನ ಕ್ಲಿಫರ್ಡ್ ಬ್ರೌನ್. 1930ರಲ್ಲಿ ಹುಟ್ಟಿ, 1956ರ ಜೂನ್ 26ರಂದು ಕಾರ್ ಅಪಘಾತದಲ್ಲಿ ಹೋದರು. ಇಪ್ಪತ್ತೈದೇ ವರ್ಷದ ಬದುಕು. ವೇಗ ಎಷ್ಟೇ ಇರಲಿ, ಅವರ ಒಂದೊಂದು ಸ್ವರಕ್ಕೂ ನಾಲಗೆಯ ತಾಕು ಬೇರೆ ಬೇರೆ. ಟ್ರಂಪೆಟ್‌ನಲ್ಲಿ ಸ್ವರ ಹುಟ್ಟುವುದು ನಾಲಗೆಯ ‘ತು’, ‘ದು’, ‘ಕು’ ಅಕ್ಷರಗಳಿಂದ; ತಬಲಾದ ಬೋಲ್ ಇದ್ದ ಹಾಗೆ. ಅಸ್ಪಷ್ಟ ತಾನ್‌ನಲ್ಲಿ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ, ಇವರ ತಾನ್‌ನಲ್ಲಿ ಮುತ್ತು ಪೋಣಿಸಿದಂತೆ ಬಿಡಿಬಿಡಿ. ಇಲ್ಲಿ ಇನ್ನೊಂದು ಸಂಗತಿ ಗಮನಿಸಿ: ಸಾಧಾರಣ ನಡೆಯಲ್ಲಿ ಜೋಡಿ ಸ್ವರಗಳು ಸಮ ಇರುವುದಿಲ್ಲ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ, ಹೆಚ್ಚುಕಡಿಮೆ ಎರಡಕ್ಕೆ ಒಂದು. ಲಯ ಏರಿದಂತೆ ಈ ಅಂತರ ಕರಗಿ ಎರಡೂ ಸಮಕ್ಕೆ ಬರುತ್ತವೆ. ವಾದಕನ ಗುರುತು ಹತ್ತುವುದು ಈ ತೂಗಾಟದ ಹದದಲ್ಲಿ.

ತಪ್ಪು ಸ್ವರದ ಬಗ್ಗೆಯೂ ಹೇಳಬೇಕು. ವಾದಕ ಕಾರ್ಡ್‌ಗೆ ಸೇರದ ಸ್ವರದ ಮೇಲೆ ಬಿದ್ದ ಅಂದುಕೊಳ್ಳಿ. ಅರ್ಧಸ್ವರ ಜಾರಿ ಕೂಡುವ ಸ್ವರಕ್ಕೆ ಬಂದುಬಿಟ್ಟರೆ ಅದು ಕಣ್ (ಮುಖ್ಯ ಸ್ವರಕ್ಕೆ ತಾಕಿಸುವ ಚಿಕ್ಕ ಸ್ವರ) ಆಯಿತು. ಅದೇ ಸ್ವರವನ್ನು ಬೇಕೆಂದೇ ಇನ್ನೊಮ್ಮೆ, ಮತ್ತೊಮ್ಮೆ ನುಡಿಸಿ ಅದರಿಂದಲೇ ಹೊಸ ತುಣುಕು ಕಟ್ಟಿದರೆ ಅದು ವಿಚಾರವಾಯಿತು. ಎರಡನ್ನೂ ಮಾಡದೆ ಬೆಚ್ಚಿ ಬಿಟ್ಟು ಓಡಿದರೆ ಮಾತ್ರ ತಪ್ಪು. ಪಳಗಿದ ಕೇಳುಗರು ಈ ಮೂರರ ನಡುವಿನ ಫರಕನ್ನು ಕೂಡಲೇ ಹಿಡಿಯುತ್ತಾರೆ, ಅವರ ‘ವ್ಹಾ’ ಎರಡನೆಯದಕ್ಕೆ ಜೋರಾಗಿ ಬೀಳುತ್ತದೆ. ವಾದಕ ಇನ್ನೊಂದು ಪ್ರಸಿದ್ಧ ಹಾಡಿನ ಸಾಲನ್ನು ನಡುವೆ ಸಿಕ್ಕಿಸಿ, ಲೆಕ್ಕ ತಪ್ಪದೆ ಹೊರಬರುವುದೂ ಉಂಟು. ಠುಮ್ರಿಯಲ್ಲಿ ಬೇರೆ ರಾಗದ ನೆರಳು ತೋರಿಸಿ ಮರಳಿದಾಗ ಆಗುವ ಖುಷಿಯೇ ಅದಕ್ಕೂ ಸಲ್ಲುತ್ತದೆ.

ನಮ್ಮೂರಿನ ಮದುವೆ ಬ್ಯಾಂಡ್‌ಗಳನ್ನು ಇಲ್ಲಿ ಮರೆಯುವಂತಿಲ್ಲ. ಚೋರ್ಲಾ ಘಾಟು ಇಳಿದರೆ ಗೋವಾ. ಅಲ್ಲಿಂದ ಮುಂಬೈಗೆ ಹೋದ ಟ್ರಂಪೆಟ್ ವಾದಕರೇ ಜಾಝ್ ನುಡಿಯನ್ನು ಹಿಂದಿ ಚಿತ್ರಗೀತೆಗಳ ಒಳಗೆ ತಂದವರು. ‘ಚಿಕ್ ಚಾಕೊಲೇಟ್’ ಎಂದೇ ಹೆಸರಾದ ಆಂಟೋನಿಯೊ ಕ್ಸೇವಿಯರ್ ವಾಜ್ ಆರ್ಮ್‌ಸ್ಟ್ರಾಂಗ್ ಶೈಲಿಗೆ ಮನಸೋತವರು, ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಜೊತೆ ಕೆಲಸ ಮಾಡಿದವರು. ಆ ಕಾಲದ ಹಾಡುಗಳನ್ನು ಮೆರವಣಿಗೆಯಲ್ಲಿ ನುಡಿಸುವ ನಮ್ಮ ಬ್ಯಾಂಡ್ ಮಾಸ್ತರರು ಅಂತರಾ ಮುಗಿದು ಪಲ್ಲವಿಗೆ ಬರುವ ಸಂದಿನಲ್ಲಿ ಒಂದು ಮುರ್ಕಿಯನ್ನೋ ಏರಿಕೆಯನ್ನೋ ತಮ್ಮದಾಗಿ ಸೇರಿಸುತ್ತಾರೆ. ನೋಟುಗಳ ಹಾರ ಹಾಕುವವರು ಕುಣಿತಕ್ಕೆ ಹಾಕುತ್ತಾರೆ. ಆ ಸಂದು ಕೇಳಿಸಿಕೊಂಡವರು ಹತ್ತಿರ ಹೋಗಿ “ಮಾಸ್ತರ, ಆ ತಿರುವು ಭಾರಿ ಆತ್ರಿ” ಅಂದರೆ ಅವರ ಮುಖ ಅರಳುವ ರೀತಿಯೇ ಬೇರೆ. ಡಾಲ್ಬಿ ಸ್ಪೀಕರ್‌ಗಳ ಅಬ್ಬರದಲ್ಲಿ ಈ ಬ್ಯಾಂಡ್‌ಗಳಿಗೆ ಕರೆ ಕಡಿಮೆಯಾಗುತ್ತಿರುವುದು ದೊಡ್ಡ ನಷ್ಟ. ಜಾಝ್ ಕಿವಿ ಪಳಗಿಸಲು ಬೇರೆ ಊರಿಗೆ ಹೋಗುವ ಮೊದಲು ಗಣಪತಿ ಬಿಡುವ ದಿನ ಬ್ಯಾಂಡಿನ ಬಲಬದಿಗೆ ಐವತ್ತು ಹೆಜ್ಜೆ ನಡೆಯಿರಿ.

ಎದುರಿಗೆ ಕೂತು ಕೇಳುವ ಅವಕಾಶ ಸಿಕ್ಕಾಗ ರೂಢಿ ಹೀಗಿದೆ. ನಮ್ಮಲ್ಲಿ ದಾದ್ ನಡುನಡುವೆ ಬೀಳುತ್ತದೆ. ಜಾಝ್‌ನಲ್ಲೂ ಒಂದು ‘ಯೆಸ್’, ಒಂದು ‘ಆಹಾ’ ನಡುವೆ ಬಂದರೆ ವಾದಕರಿಗೆ ಸಂತೋಷವೇ. ಚಪ್ಪಾಳೆ ಮಾತ್ರ ಪ್ರತಿಯೊಬ್ಬರ ಸೋಲೋ ಮುಗಿದಾಗ. ತೊಡಕು ಏನೆಂದರೆ ಹಾಡು ಅಲ್ಲಿ ನಿಲ್ಲುವುದಿಲ್ಲ, ಮುಂದಿನವನು ಮರು ಮಾತ್ರೆಗೇ ಶುರು ಮಾಡಿರುತ್ತಾನೆ. ಚಪ್ಪಾಳೆ ಉದ್ದವಾದರೆ ಅವನ ಮೊದಲ ಸಾಲು ಮುಳುಗಿಹೋಗುತ್ತದೆ, ಆ ಸಾಲಿನ ಮೇಲೇ ಅವನ ಸೋಲೋ ನಿಂತಿರಬಹುದು. ಒಂದು ಬಾರ್, ಎರಡು ಬಾರ್, ಅಷ್ಟಕ್ಕೆ ನಿಲ್ಲಿಸಿ. ಕೊನೆಯ ಹೊತ್ತಿಗೆ ಟ್ರಂಪೆಟ್ ನಾಲ್ಕು ಬಾರ್, ಡ್ರಮ್ ನಾಲ್ಕು ಬಾರ್ ಅಂತ ಕೊಟ್ಟು ತೆಗೆದುಕೊಳ್ಳುವ ಸವಾಲ್-ಜವಾಬ್ ಬಂದರೆ ಚಪ್ಪಾಳೆ ಬೇಡ, ಎಣಿಸಿ. ಒಂದು ತೀನ್‌ತಾಲ ಅವನದು, ಒಂದು ಇವನದು. ಡ್ರಮ್‌ನವನ ಹದಿನಾರರಲ್ಲಿ ಯಾರೂ ಲಯ ಹಿಡಿದು ತೋರಿಸುವುದಿಲ್ಲ. ಆಗ ಲೆಕ್ಕ ನಿಮ್ಮ ತಲೆಯಲ್ಲೇ ಇರಬೇಕು.

ಸೋಲೋ ನಿಜಕ್ಕೂ ಮುಗಿಯಿತೋ ಬರೀ ಉಸಿರಿಗೆ ನಿಂತನೋ ಅಂತ ಅನುಮಾನ ಬಂದರೆ ಕೈ ನೋಡಿ. ಉಸಿರಿಗೆ ನಿಂತವನು ಟ್ರಂಪೆಟ್ ತುಟಿಯ ಹತ್ತಿರವೇ ಹಿಡಿದಿರುತ್ತಾನೆ, ಬೆರಳುಗಳು ಗುಂಡಿಯ ಮೇಲೇ ಇರುತ್ತವೆ. ಮುಗಿಸಿದವನು ವಾದ್ಯ ಕೆಳಗಿಳಿಸಿ, ಕೊಳವೆಯ ಬಾಗಿನಲ್ಲಿರುವ ಚಿಕ್ಕ ಕೀಲಿಯನ್ನು ಒತ್ತಿ ಒಂದು ಸಲ ಊದುತ್ತಾನೆ. ಉಸಿರಿನ ಆವಿ ತಣ್ಣಗಾಗಿ ಒಳಗೆ ಕೂಡಿದ್ದ ನೀರು ನಾಲ್ಕು ಹನಿ ನೆಲಕ್ಕೆ ಬೀಳುತ್ತದೆ. ಚಪ್ಪಾಳೆಗೆ ಸರಿಯಾದ ಹೊತ್ತು ಅದು.